ಹಲ್ಲಿನ ಬಿಲ್ಲಿಗೆ ಹೆದರುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹಲ್ಲುನೋವಿಗಿಂತ ಬಿಲ್ಲಿನ ನೋವೇ ಹೆಚ್ಚು. ಹಾಗಾಗಿ ಬಾಯಿವಾಸನೆ, ಹಲ್ಲಿನ ಬಣ್ಣದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ದುಡ್ಡಿನ ವಿಚಾರವನ್ನಷ್ಟೇ ನಮ್ಮ ದಂತವೈದ್ಯರ ಬಳಗ ಎತ್ತಿಕೊಂಡಿದೆ. ಒಂದೇ ಥರದ ಪತ್ರಗಳನ್ನು ಕೂಡಿಸಿ ಒಂದೊಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಎರಡು ರೂಟ್ ಕೆನಾಲ್, ನಾಲ್ಕು ಫಿಲ್ಲಿಂಗ್, ಮೂರು ಕ್ಯಾಪ್, ಒಂದು ಇಂಪ್ಲಾಂಟ್, ಮೇಲೆ ಕ್ಲೀನಿಂಗ್ ಅಂತ ಬರೆದುಕೊಟ್ಟಿದ್ದಾರೆ. ಮೊತ್ತ ನೋಡಿ ಚೀಟಿ ಮಡಚಿ ಜೇಬಿಗಿಟ್ಟವನು ಮೂರು ತಿಂಗಳಿಂದ ಆ ಕಡೆ ತಲೆ ಹಾಕಿಲ್ಲ. ಇಷ್ಟನ್ನೂ ಒಟ್ಟಿಗೇ ಮಾಡಿಸಲೇಬೇಕೇ?

ಉತ್ತರ: ಬೇಕಿಲ್ಲ. ಆದರೆ ಏನನ್ನೂ ಮಾಡಿಸದೆ ಕೂತಿದ್ದೀರಲ್ಲ, ಅದೇ ಎಲ್ಲಕ್ಕಿಂತ ದುಬಾರಿ ದಾರಿ. ಈ ಮೂರು ತಿಂಗಳಲ್ಲಿ ಆ ನಾಲ್ಕು ಫಿಲ್ಲಿಂಗ್‌ಗಳಲ್ಲಿ ಒಂದು ರೂಟ್ ಕೆನಾಲ್ ಕಡೆಗೆ ಹೊರಟಿದ್ದರೂ ಆಶ್ಚರ್ಯವಿಲ್ಲ.

ಮೊದಲು ಆ ಚೀಟಿಯನ್ನು ಒಟ್ಟು ಮೊತ್ತವಾಗಿ ನೋಡುವುದನ್ನು ಬಿಡಿ, ಹಲ್ಲುಹಲ್ಲಾಗಿ ಬಿಡಿಸಿ. ಅದರಲ್ಲಿ 36, 17 ಎಂಬಂಥ ಅಂಕಿಗಳಿರುತ್ತವೆ. ಅವು ಹಲ್ಲಿನ ವಿಳಾಸ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದು ಹೇಳುತ್ತದೆ: ನಿಮ್ಮ ಬಲ ಮೇಲ್ದವಡೆ 1, ಎಡ ಮೇಲ್ದವಡೆ 2, ಎಡ ಕೆಳದವಡೆ 3, ಬಲ ಕೆಳದವಡೆ 4. ಎರಡನೆಯ ಅಂಕಿ ಮುಂದಿನ ನಡುಮಧ್ಯದಿಂದ ಹಿಂದಕ್ಕೆ ಎಣಿಕೆ: ಎದುರಿನ ಬಾಚಿಹಲ್ಲು 1, ಬುದ್ಧಿಹಲ್ಲು 8. ಅಲ್ಲಿಗೆ 36 ಎಂದರೆ ಎಡಗಡೆ ಕೆಳಗಿನ ಮೊದಲ ದೊಡ್ಡ ದವಡೆಹಲ್ಲು. ಅಮೆರಿಕದ ಪದ್ಧತಿಯಲ್ಲಿ ಮಾತ್ರ 1ರಿಂದ 32ರವರೆಗೆ ನೇರ ಎಣಿಕೆ. ಚೀಟಿಯಲ್ಲಿ ಅಂಕಿಯೇ ಇಲ್ಲದೆ ಬರೀ 'ಫಿಲ್ಲಿಂಗ್ 4' ಎಂದಿದ್ದರೆ ಯಾವ ಹಲ್ಲು, ಅದರ ಯಾವ ಬದಿ ಎಂದು ಬರೆಸಿಕೊಳ್ಳಿ.

ಆಮೇಲೆ ಪ್ರತಿ ಹಲ್ಲಿಗೂ ಒಂದೇ ಪ್ರಶ್ನೆ ಕೇಳಿ: 'ಇದನ್ನು ಆರು ತಿಂಗಳು ಬಿಟ್ಟರೆ ಏನಾಗುತ್ತದೆ?' ಉತ್ತರಗಳು ತಾವಾಗಿಯೇ ಸಾಲುಗಟ್ಟುತ್ತವೆ. ಕೀವು, ಬಾವು, ರಾತ್ರಿ ಎಬ್ಬಿಸುವ ನೋವು ಇರುವ ಹಲ್ಲು ಮೊದಲು. ಉಳಿಸಲಾಗದ ಹಲ್ಲಿದ್ದರೆ ಅದನ್ನು ಕೀಳಿಸುವುದೂ ಇದೇ ಸುತ್ತಿನಲ್ಲಿ. ಅದರ ಜೊತೆಗೇ ಕ್ಲೀನಿಂಗ್. ಪಟ್ಟಿಯಲ್ಲಿ ಅಗ್ಗದ್ದು ಅದೇ, ಹಾಗಾಗಿಯೇ ಎಲ್ಲರೂ ಮೊದಲು ಹೊಡೆದುಹಾಕುವುದೂ ಅದನ್ನೇ. ಗಾರೆಗಟ್ಟಿದ ಪಾಚಿಯ ಕೆಳಗೆ ವಸಡು ಊದಿ ರಕ್ತ ಜಿನುಗುತ್ತಿರುವಾಗ ಕೂರಿಸಿದ ಕ್ಯಾಪಿನ ಅಂಚು ವಸಡಿಗೆ ಸರಿಯಾಗಿ ಹೊಂದುವುದಿಲ್ಲ, ಫಿಲ್ಲಿಂಗ್ ಅಂಟುವಾಗ ತೇವ ಸೇರಿ ಬೇಗ ಬಿಡುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವವರಿಗೆ: ಹಲ್ಲು ಮೊದಲೇ ಸಡಿಲವಾಗಿತ್ತು, ಪಾಚಿ ಅದನ್ನು ಪಕ್ಕದ ಹಲ್ಲಿಗೆ ಸಿಮೆಂಟಿನಂತೆ ಕಟ್ಟಿಟ್ಟಿತ್ತು, ಅಷ್ಟೆ.

ಮುಂದಿನ ಸುತ್ತು ಆಳವಾದ ಹುಳುಕುಗಳದ್ದು. ಇಲ್ಲಿ ಒಂದು ಉಳಿತಾಯದ ದಾರಿಯಿದೆ. ನಾಲ್ಕಕ್ಕೂ ಒಮ್ಮೆಗೇ ಹಲ್ಲಿನ ಬಣ್ಣದ ಕಾಂಪೊಸಿಟ್ ಹಾಕಿಸಲು ಆಗದಿದ್ದರೆ, ಹುಳುಕು ತೆಗೆದು ಗ್ಲಾಸ್ ಅಯಾನೊಮರ್ ತುಂಬಿಡಿ ಎಂದು ಕೇಳಿ. ಅಗಿಯುವ ಜಾಗದಲ್ಲಿ ಇದು ಬೇಗ ಸವೆಯುತ್ತದೆ, ಆದರೆ ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಸ್ವಲ್ಪಸ್ವಲ್ಪ ಫ್ಲೋರೈಡ್ ಬಿಡುತ್ತದೆ, ಹುಳುಕಿನ ಓಟವನ್ನು ನಿಲ್ಲಿಸಿ ನಿಮಗೆ ಕಾಲಾವಕಾಶ ಕೊಡುತ್ತದೆ. ಇದನ್ನು ಒಂದೆರಡು ವಾರಕ್ಕೆಂದು ಹಾಕುವ ಬಿಳಿ ತಾತ್ಕಾಲಿಕ ಸಿಮೆಂಟ್ ಎಂದು ತಪ್ಪು ತಿಳಿಯಬೇಡಿ. ಆ ಬಿಳಿ ಸಿಮೆಂಟ್ ಕೆಲವೇ ವಾರಗಳಲ್ಲಿ ಸೋರಲು ಶುರುವಾಗುತ್ತದೆ.

ಕ್ಯಾಪ್ ವಿಚಾರದಲ್ಲಿ ಜನ ಹೆಚ್ಚು ಎಡವುತ್ತಾರೆ. ರೂಟ್ ಕೆನಾಲ್ ಆದ ಕೂಡಲೇ ನೋವು ಹೋಗುತ್ತದೆ, ನೋವಿನೊಡನೆ ಕ್ಲಿನಿಕ್ಕಿನ ನೆನಪೂ ಹೋಗುತ್ತದೆ. ಒಳಗೆ ಕೊರೆದು ಟೊಳ್ಳಾದ ದವಡೆಹಲ್ಲು ಅಗಿತದ ಭಾರಕ್ಕೆ ಮೇಲಿನಿಂದ ಬೇರಿನವರೆಗೆ ಸೀಳಿದರೆ ಕೀಳುವುದೊಂದೇ ಉಳಿಯುವುದು. ರೂಟ್ ಕೆನಾಲಿನ ದುಡ್ಡೂ ಹೋಯಿತು, ಹಲ್ಲೂ ಹೋಯಿತು. ಹಾಗಾಗಿ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸುವುದಾದರೆ ಕ್ಯಾಪಿನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ, ಒಂದೆರಡು ತಿಂಗಳೊಳಗೆ ಕೂರಿಸಿಬಿಡಿ. ಎರಡೂ ರೂಟ್ ಕೆನಾಲ್ ಮುಗಿಸಿ ಕ್ಯಾಪಿಗೆ ದುಡ್ಡಿಲ್ಲದೆ ಕೂರುವುದಕ್ಕಿಂತ, ಒಂದು ಹಲ್ಲನ್ನು ಕ್ಯಾಪ್‌ವರೆಗೆ ಮುಗಿಸಿ, ಇನ್ನೊಂದರ ಬೇರಿನೊಳಗಿನ ನಾಳಗಳನ್ನು ತೊಳೆದು ಔಷಧ ಇಟ್ಟು ಬಲವಾಗಿ ಮುಚ್ಚಿಸಿಕೊಂಡು ಮುಂದಿನ ತಿಂಗಳಿಗೆ ಇಟ್ಟುಕೊಳ್ಳುವುದು ಜಾಣತನ.

ಇಂಪ್ಲಾಂಟ್ ಕೊನೆಗೆ. ಹಲ್ಲು ಹೋದ ಜಾಗದ ಮೂಳೆ ಮೊದಲ ಒಂದು ವರ್ಷದಲ್ಲೇ ಹೆಚ್ಚು ಕುಗ್ಗುತ್ತದೆ, ಪಕ್ಕದ ಹಲ್ಲುಗಳು ನಿಧಾನವಾಗಿ ಆ ಕಡೆ ವಾಲುತ್ತವೆ ಎಂಬುದು ನಿಜ. ಆದರೂ ಕೀವಾದ ಹಲ್ಲನ್ನು ಬಿಟ್ಟು ಖಾಲಿ ಜಾಗಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ರೂಟ್ ಕೆನಾಲ್ ಯಾಕೆ ಇಷ್ಟು ದುಬಾರಿ? ಅದರ ಬದಲು ಕೀಳಿಸಿಬಿಟ್ಟರೆ ಮುಗಿಯಿತಲ್ಲ?

ಉತ್ತರ: ಕೀಳಿಸಿದರೆ ಅವತ್ತಿಗೆ ಮುಗಿಯುತ್ತದೆ, ನಿಜ. ದರದ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ.

ಹಲ್ಲಿನ ಬೇರಿನೊಳಗಿನ ನಾಳ ಕೂದಲೆಳೆಯಷ್ಟು ಸಣ್ಣದು, ಸಾಲದ್ದಕ್ಕೆ ಡೊಂಕು. ಅದರೊಳಗೆ ಇಳಿಸುವ ಸೂಜಿಯಂಥ ಫೈಲಿಗೆ ನಂಬರ್ ಇರುತ್ತದೆ: 25 ನಂಬರಿನದೆಂದರೆ ತುದಿ 0.25 ಮಿಲಿಮೀಟರ್. ಹತ್ತು, ಹದಿನೈದು, ಇಪ್ಪತ್ತು ಎಂದು ಒಂದೊಂದೇ ಇಳಿಸುತ್ತ ನಾಳ ಅಗಲಿಸಬೇಕು, ನಡುನಡುವೆ ಸೋಡಿಯಂ ಹೈಪೊಕ್ಲೋರೈಟ್ ಎಂಬ ಸೋಂಕುನಾಶಕ ದ್ರಾವಣದಲ್ಲಿ ತೊಳೆಯಬೇಕು, ಬೇರಿನ ತುದಿ ಎಲ್ಲಿದೆ ಎಂದು ಯಂತ್ರದಲ್ಲಿ ಅಳೆಯಬೇಕು. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಫಲಿತಾಂಶದಲ್ಲಿ ಕಾಣುತ್ತದೆ. ಕೊನೆಗೆ ಗಟಾಪರ್ಚಾ ತುಂಬಿ ಮುಚ್ಚುವುದು. ಅದೊಂದು ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು. ಬಾಚಿಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ಕೆಳದವಡೆಯ ದೊಡ್ಡ ಹಲ್ಲಿಗೆ ಮೂರೋ ನಾಲ್ಕೋ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ನಾಲ್ಕನೆಯದೊಂದು ಅಡಗಿ ಕೂತಿರುವುದೇ ಹೆಚ್ಚು. ಅದನ್ನು ಹುಡುಕದೆ ಬಿಟ್ಟರೆ ವರ್ಷದ ಮೇಲೆ ಅದೇ ಹಲ್ಲಿನಲ್ಲಿ ಮತ್ತೆ ಬಾವು. ಎರಡನೆಯ ಸಲದ ರೂಟ್ ಕೆನಾಲಿನಲ್ಲಿ ಹಳೆಯದನ್ನೆಲ್ಲ ಕರಗಿಸಿ ತೆಗೆಯಬೇಕಾದ್ದರಿಂದ ಮೊದಲನೆಯದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ದುಡ್ಡು, ಗೆಲ್ಲುವ ಖಾತ್ರಿ ಮಾತ್ರ ಕಡಿಮೆ. ಹಾಗಾಗಿ ಇದೊಂದರಲ್ಲಿ ಅಗ್ಗದ ದರಕ್ಕೆ ಮನಸೋಲಬೇಡಿ. 'ರಬ್ಬರ್ ಡ್ಯಾಮ್ ಹಾಕುತ್ತೀರಾ?' ಎಂದು ಕೇಳಿ. ಹಲ್ಲೊಂದನ್ನೇ ಹೊರಗಿಟ್ಟು ಉಳಿದ ಬಾಯನ್ನು ಮುಚ್ಚುವ ತೆಳು ರಬ್ಬರ್ ಹಾಳೆ ಅದು. ನಾಳದೊಳಗೆ ಎಂಜಲು ಇಳಿಯದಂತೆ, ಫೈಲು ಗಂಟಲಿಗೆ ಜಾರದಂತೆ ತಡೆಯುತ್ತದೆ. ಹಾಕುತ್ತೇವೆ ಎನ್ನುವ ಕಡೆ ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ.

ಇನ್ನು ಕೀಳಿಸುವ ಮಾತು. ಕೆಲವೊಮ್ಮೆ ಅದೇ ಸರಿ, ಅದರಲ್ಲಿ ಅವಮಾನವೇನಿಲ್ಲ. ಬುದ್ಧಿಹಲ್ಲಿಗೆ ರೂಟ್ ಕೆನಾಲ್ ಅಪರೂಪಕ್ಕೆ ಬೇಕಾಗುವುದು. ಬೇರು ಸೀಳಿದ್ದರೆ ಯೋಚನೆಯೇ ಇಲ್ಲ. ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿಯದಿದ್ದರೆ ಕ್ಯಾಪಿಗೆ ಹಿಡಿತ ಸಿಗುವುದಿಲ್ಲ, ಅಂಥದ್ದಕ್ಕೆ ದುಡ್ಡು ಹಾಕುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಎಲ್ಲಕ್ಕಿಂತ ಹಿಂದಿನ ಹಲ್ಲು ಹೋದರೆ ಅಲ್ಲಿ ಇನ್ನೊಂದನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ನೆದರ್ಲೆಂಡ್ಸ್‌ನ ಕೇಸರ್ ಎಂಬ ದಂತತಜ್ಞರು 1981ರಲ್ಲೇ ಮುಂದಿನ ಹಲ್ಲುಗಳು ಮತ್ತು ಸಣ್ಣ ದವಡೆಹಲ್ಲುಗಳು ಸರಿಯಿದ್ದರೆ ಬಹಳ ಮಂದಿಗೆ ಅಗಿಯಲು ಸಾಲುತ್ತದೆ ಎಂದು ತೋರಿಸಿದ್ದರು. ಜಪಾನಿನಲ್ಲಿ 1989ರಿಂದ ನಡೆಯುತ್ತಿರುವ '8020' ಆಂದೋಲನದ ಗುರಿಯೂ ಎಂಬತ್ತರ ವಯಸ್ಸಿಗೆ ಇಪ್ಪತ್ತು ಸ್ವಂತ ಹಲ್ಲು ಉಳಿಸುವುದೇ ಹೊರತು ಮೂವತ್ತೆರಡಲ್ಲ. ಆದರೆ ಮೊದಲ ದೊಡ್ಡ ದವಡೆಹಲ್ಲು, ಅಂದರೆ 16, 26, 36, 46, ಉಳಿಯುವಂತಿದ್ದರೆ ಸುಲಭಕ್ಕೆ ಬಿಟ್ಟುಕೊಡಬೇಡಿ. ಅಗಿತದ ಭಾರ ಹೆಚ್ಚಾಗಿ ಅದರ ಮೇಲೆ.

ಪ್ರಶ್ನೆ: ಹಲ್ಲು ವಿಪರೀತ ನೋಯುತ್ತಿದೆ, ಸಂಬಳ ಬರಲು ಇನ್ನೂ ಹತ್ತು ದಿನ. ಅಲ್ಲಿಯವರೆಗೆ ಔಷಧದಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ತಿನ್ನಬಹುದೇ?

ಉತ್ತರ: ಬೇಡ. ಹಲ್ಲಿನೊಳಗಿನ ನರ ಊದಿ ನೋಯುತ್ತಿರುವಾಗ ಆ್ಯಂಟಿಬಯೋಟಿಕ್ ಅಲ್ಲಿಗೆ ತಲುಪುವುದೂ ಇಲ್ಲ, ನೋವು ತಗ್ಗಿಸುವುದೂ ಇಲ್ಲ. ವಯಸ್ಕರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ, ಆರು ಗಂಟೆಗೊಮ್ಮೆ: ಹಲ್ಲುನೋವಿಗೆ ಈ ಜೋಡಿ ಬೇರೆ ಬಲವಾದ ಮಾತ್ರೆಗಳಷ್ಟೇ ಕೆಲಸ ಮಾಡುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಐಬುಪ್ರೊಫೆನ್ ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಇದೂ ಎರಡು ಮೂರು ದಿನ ದಾಟಿಸಲು ಮಾತ್ರ. ಮಾತ್ರೆಯನ್ನು ನೋಯುವ ವಸಡಿನ ಮೇಲೆ ಇಟ್ಟುಕೊಳ್ಳಬೇಡಿ; ಆಸ್ಪಿರಿನ್ ಅಂತೂ ಅಲ್ಲಿ ಚರ್ಮ ಸುಟ್ಟು ಬಿಳಿಯ ಹುಣ್ಣು ಮಾಡುತ್ತದೆ.

ಹತ್ತು ದಿನ ಕಾಯುವ ಬದಲು ಕ್ಲಿನಿಕ್ಕಿಗೆ ಹೋಗಿ ಹೀಗೆ ಹೇಳಿ: 'ಇವತ್ತು ನೋವು ನಿಲ್ಲುವಷ್ಟು ಮಾತ್ರ ಮಾಡಿ, ಉಳಿದದ್ದು ಮುಂದಿನ ತಿಂಗಳು.' ಹಲ್ಲು ತೆರೆದು, ಊದಿದ ನರ ತೆಗೆದು, ಔಷಧವಿಟ್ಟು ಮುಚ್ಚುವುದು ಅರ್ಧ ಗಂಟೆಯ ಕೆಲಸ. ಇಡೀ ರೂಟ್ ಕೆನಾಲಿನ ದರ ಅವತ್ತೇ ಕೊಡಬೇಕಾಗುವುದಿಲ್ಲ.

ದವಡೆಯ ಕೆಳಗೆ ಅಥವಾ ಕಣ್ಣಿನ ಹತ್ತಿರ ಬಾವು ಹರಡುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ದುಡ್ಡಿನ ಲೆಕ್ಕ ಬಿಟ್ಟು ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಹಲ್ಲಿನ ಕೀವು ಗಂಟಲಿಗಿಳಿದು ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ದಂತ ಕಾಲೇಜಿನಲ್ಲಿ ಖರ್ಚು ಕಡಿಮೆ ಅನ್ನುತ್ತಾರೆ. ಆದರೆ ಹುಡುಗರು ನನ್ನ ಬಾಯಲ್ಲಿ ಕೆಲಸ ಕಲಿಯುತ್ತಾರಲ್ಲ ಎಂಬ ಭಯ.

ಉತ್ತರ: ಕಲಿಯುವುದು ನಿಜ. ಆದರೆ ಒಂದೊಂದು ಹಂತಕ್ಕೂ ಅಧ್ಯಾಪಕರು ಬಂದು ನೋಡಿ 'ಸರಿ' ಎಂದ ಮೇಲೇ ಮುಂದಿನದು. ಹುಳುಕು ಪೂರ್ತಿ ತೆಗೆದಾಗಿದೆಯೇ, ನಾಳದ ಅಳತೆ ಸರಿಯಿದೆಯೇ ಎಂದು ಇಬ್ಬರು ಇಣುಕುವುದು ಖಾಸಗಿ ಕ್ಲಿನಿಕ್ಕಿನಲ್ಲಿ ಅಪರೂಪ. ಅಲ್ಲಿ ನೀವು ದುಡ್ಡಿನ ಬದಲು ಸಮಯ ಕೊಡುತ್ತೀರಿ, ವ್ಯವಹಾರ ಅಷ್ಟೇ. ಹೊರಗೆ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಫಿಲ್ಲಿಂಗಿಗೆ ಅಲ್ಲಿ ಎರಡು ಮೂರು ಗಂಟೆ ಹಿಡಿಯಬಹುದು, ಹಲ್ಲುಸೆಟ್ಟಿಗೆ ಐದಾರು ಸಲ ಓಡಾಡಬೇಕಾಗಬಹುದು.

ಯಾವ ಕೆಲಸಕ್ಕೆ ಹೋಗಬೇಕೆಂಬುದನ್ನು ತಿಳಿದು ಹೋಗಿ. ಕ್ಲೀನಿಂಗ್, ಫಿಲ್ಲಿಂಗ್, ಹಲ್ಲು ಕೀಳಿಸುವುದು, ಪೂರ್ತಿ ಹಲ್ಲುಸೆಟ್, ಮಕ್ಕಳ ಹಲ್ಲು: ಇವಕ್ಕೆ ಕಾಲೇಜು ಧಾರಾಳವಾಗಿ ಸಾಕು. ದವಡೆಹಲ್ಲಿನ ರೂಟ್ ಕೆನಾಲ್, ವಸಡಿನ ಶಸ್ತ್ರಚಿಕಿತ್ಸೆ, ಇಂಪ್ಲಾಂಟ್ ಆದರೆ ಸ್ನಾತಕೋತ್ತರ ವಿಭಾಗಕ್ಕೆ ಕಳಿಸಿ ಎಂದು ಕೇಳಿ. ಅಲ್ಲಿರುವವರು ಪದವಿ ಮುಗಿಸಿದ ದಂತವೈದ್ಯರೇ, ಆ ಒಂದೇ ವಿಷಯದಲ್ಲಿ ಹೆಚ್ಚಿನ ತರಬೇತಿ ಪಡೆಯುತ್ತಿರುವವರು.

ಕೈಕೊಡುವುದು ಎಲ್ಲಿ? ಪರೀಕ್ಷೆ, ರಜೆ ಬಂತೆಂದರೆ ನಿಮ್ಮ ವಿದ್ಯಾರ್ಥಿ ಮಾಯ, ನಿಮ್ಮ ಹಲ್ಲು ಅರ್ಧಕ್ಕೆ ತೆರೆದುಕೊಂಡಿರುತ್ತದೆ. ಮೊದಲ ದಿನವೇ ಕಡತದ ಸಂಖ್ಯೆ, ವಿಭಾಗ, ಮೇಲ್ವಿಚಾರಕರು ಯಾರು ಎಂದು ಬರೆದುಕೊಳ್ಳಿ. 'ಪರೀಕ್ಷೆ ಯಾವಾಗ, ಅಷ್ಟರಲ್ಲಿ ಮುಗಿಯುತ್ತದೆಯೇ?' ಎಂದು ಮುಖಕ್ಕೇ ಕೇಳಿ, ಯಾರೂ ಬೇಸರಿಸುವುದಿಲ್ಲ. ಬೆಳಗ್ಗೆ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೇ ಇದ್ದರೆ ಅವತ್ತೇ ಎಕ್ಸ್‌ರೇ ಮುಗಿದು ಸರದಿ ಸಿಗುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಕ್ಯಾಪಿನಲ್ಲಿ ಐದಾರು ಬಗೆ ಹೇಳಿ, ದುಬಾರಿಯದೇ ಒಳ್ಳೆಯದು ಅಂದರು. ಹೌದೇ?

ಉತ್ತರ: ನಕ್ಕಾಗ ಕಾಣುವ ಹಲ್ಲೋ ಅಲ್ಲವೋ ಎಂಬುದರ ಮೇಲೆ ನಿರ್ಧಾರ. ಹಿಂದಿನ ದವಡೆಹಲ್ಲಿಗೆ ಪೂರ್ತಿ ಲೋಹದ ಕ್ಯಾಪ್ ಇವತ್ತಿಗೂ ಗಟ್ಟಿಗ. ತೆಳುವಾಗಿದ್ದರೂ ತಡೆಯುವುದರಿಂದ ಕ್ಯಾಪ್ ಕೂರಿಸಲು ಹಲ್ಲನ್ನು ಕಡಿಮೆ ಸವೆಸಿದರೆ ಸಾಕು, ಚಕ್ಕೆ ಏಳುವ ಮಾತಿಲ್ಲ, ಸಾಮಾನ್ಯವಾಗಿ ಅಗ್ಗದ್ದೂ ಅದೇ. ನಿಕ್ಕಲ್ ಅಲರ್ಜಿ ಇರುವವರು ಮಾತ್ರ ಮೊದಲೇ ಹೇಳಬೇಕು. ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು ನಡುವಿನ ದರದ್ದು. ಹಲ್ಲು ಕಡಿಯುವ ಅಭ್ಯಾಸವಿದ್ದರೆ ಪಿಂಗಾಣಿ ಚಕ್ಕೆ ಏಳುತ್ತದೆ, ವರ್ಷಗಳಾದ ಮೇಲೆ ವಸಡಿನಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಗಟ್ಟಿಯೂ ಹೌದು, ಬಿಳಿಯೂ ಹೌದು. ಆದರೆ ಕಾಣದ ಹಲ್ಲಿಗೆ ಅದರ ಅತಿ ಮೇಲ್ದರ್ಜೆಯದನ್ನು ಹಾಕಿಸಿ, ಖಾತರಿ ಕಾರ್ಡಿನ ವರ್ಷಗಳಿಗೆ ದುಡ್ಡು ತೆರುವುದು ಅನಗತ್ಯ. ಆ ಖಾತರಿ ಕ್ಯಾಪಿಗೆ, ಕೆಳಗಿನ ಹಲ್ಲಿಗಲ್ಲ. ಕ್ಯಾಪ್ ಸೋಲುವುದು ಹೆಚ್ಚಾಗಿ ಅಂಚಿನಲ್ಲಿ ಹುಳುಕು ಹಿಡಿದೇ ಹೊರತು ಕ್ಯಾಪ್ ಒಡೆದಲ್ಲ. ಬಾಚಿಹಲ್ಲಿಗೆ ರೂಟ್ ಕೆನಾಲ್ ಆಗಿ ಹಲ್ಲಿನ ಬಹುಭಾಗ ಗಟ್ಟಿಯಿದ್ದರೆ ಕ್ಯಾಪೇ ಬೇಕಿಲ್ಲದಿರಬಹುದು, ಕೇಳಿ ನೋಡಿ.

ಪ್ರಶ್ನೆ: ಒಂದು ಹಲ್ಲು ಹೋಗಿದೆ. ಇಂಪ್ಲಾಂಟ್ ಜಾಹೀರಾತಿನಲ್ಲಿ ಒಂದು ದರ, ಹೋಗಿ ಕೇಳಿದರೆ ಅದರ ಎರಡು ಮೂರು ಪಟ್ಟು. ಏನಿದು?

ಉತ್ತರ: ಜಾಹೀರಾತಿನ ದರ ಬಹುಪಾಲು ಬರೀ ಸ್ಕ್ರೂವಿನದ್ದು. ಇಂಪ್ಲಾಂಟ್ ಎಂದರೆ ಮೂರು ತುಂಡು: ಮೂಳೆಯೊಳಗಿನ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಕೂರುವ ಅಬಟ್‌ಮೆಂಟ್ ಎಂಬ ಗೂಟ, ಗೂಟದ ಮೇಲೆ ಕ್ಯಾಪ್. ಇವಲ್ಲದೆ ಮೂರು ಆಯಾಮದ ಸ್ಕ್ಯಾನ್, ಮೂಳೆ ಸಾಲದಿದ್ದರೆ ಮೂಳೆಪುಡಿ ತುಂಬುವುದು, ಗಾಯ ಮಾಯುವವರೆಗೆ ತಾತ್ಕಾಲಿಕ ಹಲ್ಲು. 'ಇವೆಲ್ಲ ಸೇರಿ, ಅಗಿಯುವ ಹಂತದವರೆಗೆ ಎಷ್ಟು?' ಎಂದು ಬರೆಸಿಕೊಂಡರೆ ಮಾತ್ರ ಎರಡು ಕ್ಲಿನಿಕ್ಕುಗಳ ದರವನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು ಟೈಟಾನಿಯಂ ಸ್ಕ್ರೂವನ್ನು ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಹಾಕಿದ್ದು 1965ರಲ್ಲಿ. ಆ ಲೋಹಕ್ಕೆ ಮೂಳೆ ತಾನೇ ಬೆಸೆದುಕೊಳ್ಳುತ್ತದೆ ಎಂಬುದೇ ಇದರ ಗುಟ್ಟು. ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಈ ನಡುವಿನ ಕಾಲ ನಿಮ್ಮ ಜೇಬಿಗೂ ವರವೇ: ಸ್ಕ್ರೂವಿನ ದುಡ್ಡು ಈಗ, ಗೂಟ ಮತ್ತು ಕ್ಯಾಪಿನದ್ದು ಆಮೇಲೆ ಎಂದು ಮೊದಲೇ ಒಪ್ಪಿಸಿಕೊಳ್ಳಿ. ಸ್ಕ್ರೂವಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆಯ ಸ್ಟಿಕ್ಕರ್ ಇರುತ್ತದೆ. ಒಂದನ್ನು ಕಿತ್ತು ನಿಮ್ಮ ಕಡತಕ್ಕೆ ಅಂಟಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಗೂಟದ ಸಣ್ಣ ತಿರುಪು ಸಡಿಲವಾದರೆ, ಆ ಕಂಪನಿ ಯಾವುದೆಂದು ಗೊತ್ತಿಲ್ಲದ ವೈದ್ಯರು ಏನೂ ಮಾಡಲಾರರು. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಅವನ್ನು ಸರಿಪಡಿಸಿಕೊಳ್ಳದೆ ಇಂಪ್ಲಾಂಟಿಗೆ ಕೈ ಹಾಕಬೇಡಿ.

ಪಕ್ಕದ ಎರಡು ಹಲ್ಲಿಗೆ ಕ್ಯಾಪ್ ಹಾಕಿ ನಡುವೆ ಕೃತಕ ಹಲ್ಲು ಜೋಡಿಸುವ ಬ್ರಿಡ್ಜ್ ಇಂಪ್ಲಾಂಟಿಗಿಂತ ಅಗ್ಗ, ಒಂದೆರಡು ವಾರದಲ್ಲಿ ಮುಗಿಯುತ್ತದೆ. ಬೆಲೆ ತೆರುವುದು ಪಕ್ಕದ ಎರಡು ಹಲ್ಲು, ಅವನ್ನು ಸುತ್ತಲೂ ಸವೆಸಿ ಸಣ್ಣ ಮಾಡಬೇಕು. ಆ ಎರಡಕ್ಕೂ ಹೇಗೂ ಕ್ಯಾಪ್ ಬೇಕಿದ್ದರೆ ಬ್ರಿಡ್ಜೇ ಜಾಣ ಆಯ್ಕೆ. ಅವು ಆರೋಗ್ಯವಾಗಿದ್ದರೆ, ಅದರಲ್ಲೂ ಹೋಗಿರುವುದು ಮುಂದಿನ ಹಲ್ಲಾದರೆ, ಪಕ್ಕದ ಹಲ್ಲಿನ ಹಿಂಬದಿಗೆ ರೆಕ್ಕೆ ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಸಾಧ್ಯವೇ ಎಂದು ವಿಚಾರಿಸಿ. ಕೇಳದಿದ್ದರೆ ಬಹಳ ಕಡೆ ಅದರ ಹೆಸರೇ ಎತ್ತುವುದಿಲ್ಲ. ತೆಗೆದು ಹಾಕುವ ಒಂದು ಹಲ್ಲಿನ ಪ್ಲೇಟು ಎಲ್ಲಕ್ಕಿಂತ ಅಗ್ಗ. ದುಡ್ಡು ಕೂಡುವವರೆಗೆ ಜಾಗ ಕಾಯಲು ಅದು ಸಾಕು.

ಪ್ರಶ್ನೆ: ಅತ್ತೆಯವರ ಹಲ್ಲುಸೆಟ್ ಸಡಿಲವಾಗಿ ಮಾತಾಡುವಾಗ ಕುಣಿಯುತ್ತದೆ. ಹೊಸದೇ ಮಾಡಿಸಬೇಕೇ?

ಉತ್ತರ: ಹಲ್ಲುಗಳು ಸವೆಯದೆ, ಪ್ಲೇಟು ಬಿರುಕುಬಿಡದೆ ಇದ್ದರೆ ಬೇಡ. ಸೆಟ್ ದೊಡ್ಡದಾಗಿಲ್ಲ, ಅವರ ದವಡೆ ಸವೆದಿದೆ. ಈಗಿನ ದವಡೆಯ ಅಚ್ಚು ತೆಗೆದು ಒಳಮೈಗೆ ಹೊಸ ಪದರ ಕೊಡುವುದಕ್ಕೆ ರೀಲೈನಿಂಗ್ ಎನ್ನುತ್ತಾರೆ. ಹೊಸ ಸೆಟ್ಟಿಗಿಂತ ಖರ್ಚು ಬಹಳ ಕಡಿಮೆ, ಒಂದೆರಡು ದಿನದ ಕೆಲಸ. ಬಿರುಕು ಬಿಟ್ಟರೂ ತುಂಡುಗಳನ್ನು ಎತ್ತಿಟ್ಟುಕೊಂಡು ಒಯ್ದರೆ ಲ್ಯಾಬಿನವರು ಬೆಸೆದು ಕೊಡುತ್ತಾರೆ. ಮನೆಯಲ್ಲಿ ಅಂಟು ಹಾಕಿದರೆ ತುಂಡುಗಳು ಕೂದಲೆಳೆಯಷ್ಟು ಓರೆಯಾಗಿ ಕೂತು, ಲ್ಯಾಬಿನಲ್ಲೂ ಸರಿಮಾಡಲು ಬಾರದಂತಾಗುತ್ತದೆ. ಬಿಸಿನೀರಿನಲ್ಲಿ ತೊಳೆಯಬಾರದು, ಅಕ್ರಿಲಿಕ್ ಬಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಲಿ.

ಕೆಳಗಿನ ಸೆಟ್ ಏನು ಮಾಡಿದರೂ ನಿಲ್ಲುತ್ತಿಲ್ಲವೆಂದರೆ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅದಕ್ಕೆ ಅಂಗಿಯ ಒತ್ತುಗುಂಡಿಯಂತೆ ಕೂರಿಸಬಹುದು. ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಲಿ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದರು. ದವಡೆಯ ತುಂಬ ಆರೆಂಟು ಇಂಪ್ಲಾಂಟ್ ಹಾಕಿಸಿ ಎನ್ನುವವರ ಮುಂದೆ ಈ ಎರಡರ ಮಾತೆತ್ತಿ.

ಪ್ರಶ್ನೆ: ಒಬ್ಬರು ಏಳು ಹುಳುಕು ಎಂದರು, ಇನ್ನೊಬ್ಬರು ಎರಡು. ಯಾರನ್ನು ನಂಬಲಿ?

ಉತ್ತರ: ಇಬ್ಬರೂ ಪ್ರಾಮಾಣಿಕರಾಗಿರಬಹುದು. ಹುಳುಕು ಎನಾಮಲ್ ಎಂಬ ಗಟ್ಟಿ ಹೊರಪದರದಲ್ಲಷ್ಟೇ ಇದ್ದು ಕುಳಿ ಬೀಳದಿದ್ದರೆ ಫ್ಲೋರೈಡಿನಿಂದ ಅದು ನಿಲ್ಲುತ್ತದೆ, ಎಷ್ಟೋ ಸಲ ಹಿಂದಕ್ಕೂ ಸರಿಯುತ್ತದೆ. ಒಬ್ಬರು ಅದನ್ನು ಕೊರೆದು ತುಂಬುತ್ತಾರೆ, ಇನ್ನೊಬ್ಬರು ಕಾದು ನೋಡುತ್ತಾರೆ. ನಾವು ಎರಡನೆಯವರ ಕಡೆ. ಒಮ್ಮೆ ಕೊರೆದ ಹಲ್ಲಿಗೆ ಫಿಲ್ಲಿಂಗ್ ಬದಲಿಸುವ ಖರ್ಚು ಜೀವನಪೂರ್ತಿ ಬೆನ್ನುಹತ್ತುತ್ತದೆ.

ಕಚ್ಚಿಹಿಡಿದು ತೆಗೆಯುವ ಬೈಟ್‌ವಿಂಗ್ ಎಕ್ಸ್‌ರೇಯಲ್ಲಿ ಹಲ್ಲುಗಳ ನಡುವಿನ ಹುಳುಕು ಎಷ್ಟು ಒಳಹೊಕ್ಕಿದೆ ಎಂಬುದು ಕಾಣುತ್ತದೆ. ಅದರ ಪ್ರತಿ ಕೇಳಿ ಪಡೆದುಕೊಳ್ಳಿ. ಎರಡನೆಯ ವೈದ್ಯರ ಬಳಿ ಎಕ್ಸ್‌ರೇ ಕೊಡಿ, ಮೊದಲಿನವರ ಪಟ್ಟಿ ಮಾತ್ರ ತೋರಿಸಬೇಡಿ. ಪಟ್ಟಿ ನೋಡಿದರೆ ಅವರ ಕಣ್ಣು ಅದನ್ನೇ ಹುಡುಕುತ್ತದೆ. ಎಕ್ಸ್‌ರೇ ಮತ್ತೆ ತೆಗೆಸುವ ಖರ್ಚೂ ಉಳಿಯಿತು.

ಪ್ರಶ್ನೆ: ಕಂತಿನ ಸಾಲ, ವಿಮೆ ಇವುಗಳಿಂದ ಉಪಯೋಗವಿದೆಯೇ?

ಉತ್ತರ: 'ಬಡ್ಡಿಯಿಲ್ಲದ ಕಂತು' ಎಂದಾಗ, 'ಪೂರ್ತಿ ನಗದು ಕೊಟ್ಟರೆ ಎಷ್ಟು ಬಿಡುತ್ತೀರಿ?' ಎಂದು ಕೇಳಿ. ಆ ಬಿಡುವ ಮೊತ್ತವೇ ನಿಮ್ಮ ಬಡ್ಡಿ. ಸಾಲ ಕೊಡುವುದು ಕ್ಲಿನಿಕ್ ಅಲ್ಲ, ಹಣಕಾಸು ಕಂಪನಿ. ಪೂರ್ತಿ ದುಡ್ಡು ಕ್ಲಿನಿಕ್ಕಿಗೆ ಮೊದಲೇ ಸಂದಾಯವಾಗಿ, ಕೆಲಸ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ. ಒಂದೂವರೆ ಎರಡು ವರ್ಷ ಹಿಡಿಯುವ ಹಲ್ಲುಕ್ಲಿಪ್ಪಿನಂಥ ಚಿಕಿತ್ಸೆಗೆ ಕೆಲಸ ನಡೆದಂತೆ ಕ್ಲಿನಿಕ್ಕಿಗೇ ನೇರ ಕೊಡುವ ಕಂತು ವಾಸಿ.

ವಿಮೆಯಲ್ಲಿ ಮೂರು ಜಾಗ ಓದಿ: ಕಾಯುವ ಅವಧಿ, ವರ್ಷದ ಮಿತಿ, ಹೊರಗಿಟ್ಟ ಚಿಕಿತ್ಸೆಗಳು. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಅಪಘಾತದ ಹಲ್ಲಿನ ಗಾಯ ಬಿಟ್ಟರೆ ಬೇರೇನೂ ಸಿಗದಿರುವುದೇ ಹೆಚ್ಚು. ವರ್ಷಕ್ಕಿಷ್ಟು ಎಂಬ ಮಿತಿಯಿದ್ದರೆ ರೂಟ್ ಕೆನಾಲ್ ಈ ವಿಮಾವರ್ಷದ ಕೊನೆಗೆ, ಕ್ಯಾಪ್ ಮುಂದಿನದರ ಆರಂಭಕ್ಕೆ ಬರುವಂತೆ ದಿನ ಹೊಂದಿಸಿಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಬಿಲ್ಲಿನ ತಾರೀಖು ತಿದ್ದಿಸುವುದು ಮಾತ್ರ ವಂಚನೆ.

ಪ್ರಶ್ನೆ: ಮಗನಿಗೆ ಐದು ವರ್ಷ, ದವಡೆಹಲ್ಲು ಹುಳುಕಾಗಿವೆ. ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಖರ್ಚು ಯಾಕೆ?

ಉತ್ತರ: ಹಾಲಿನ ದವಡೆಹಲ್ಲು ಬೀಳುವುದು ಒಂಬತ್ತರಿಂದ ಹನ್ನೆರಡರ ವಯಸ್ಸಿಗೆ. ಇನ್ನೂ ನಾಲ್ಕೈದು ವರ್ಷ ಅದರಲ್ಲೇ ಅಗಿಯಬೇಕು, ಮೊದಲೇ ಕೀಳಿಸಿದರೆ ಹಿಂದಿನವು ಮುಂದೆ ಸರಿದು ಕಾಯಂ ಹಲ್ಲಿಗೆ ಜಾಗ ಸಾಲದೆ ನಾಳೆ ಕ್ಲಿಪ್ಪಿನ ಖರ್ಚು. ಆದರೆ ಎಲ್ಲ ಹುಳುಕಿಗೂ ಡ್ರಿಲ್ ಬೇಕಿಲ್ಲ. ನೋವು, ಬಾವು ಇಲ್ಲದ ಹುಳುಕಿಗೆ 38 ಶೇಕಡಾ ಸಿಲ್ವರ್ ಡಯಮೈನ್ ಫ್ಲೋರೈಡ್ ಹನಿ ಸವರಿದರೆ ಬಹಳಷ್ಟು ಸಲ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಒಂದೆರಡು ನಿಮಿಷದ ಕೆಲಸ, ಚುಚ್ಚುಮದ್ದಿಲ್ಲ, ಆರು ತಿಂಗಳಿಗೊಮ್ಮೆ ಮತ್ತೆ ಸವರಬೇಕು. ಹುಳುಕಿನ ಜಾಗ ಖಾಯಮ್ಮಾಗಿ ಕಪ್ಪಾಗುತ್ತದೆ, ಅದನ್ನು ಒಪ್ಪಿಯೇ ಮಾಡಿಸಿ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರಿನ ಹಾಲ್ ವಿಧಾನದಲ್ಲಿ ಕೊರೆಯದೆಯೇ ಸಿದ್ಧ ಸ್ಟೀಲ್ ಕ್ಯಾಪ್ ಒತ್ತಿ ಕೂರಿಸಿ ಹುಳುಕನ್ನು ಒಳಗೇ ಹಸಿವಿನಿಂದ ಸಾಯಿಸುತ್ತಾರೆ.

ಇನ್ನೊಂದು ಮಾತು. ಆರರ ಹೊತ್ತಿಗೆ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದೊಂದು ಸದ್ದಿಲ್ಲದೆ ಮೂಡುತ್ತದೆ. ಹಾಲುಹಲ್ಲೆಂದು ತಿಳಿದು ಅದನ್ನು ಕಡೆಗಣಿಸುವವರೇ ಹೆಚ್ಚು. ಅದು ಕಾಯಂ ಹಲ್ಲು, ಮೇಲೆ ಹೇಳಿದ 16, 26, 36, 46 ಅದೇ. ಪೂರ್ತಿ ಮೂಡಿದ ಕೂಡಲೇ ಅದರ ಗೀರುಗಳಿಗೆ ಸೀಲೆಂಟ್ ಎಂಬ, ಹುಳುಕು ತಡೆಯುವ ತೆಳು ಲೇಪ ಹಾಕಿಸಿ. ಪೇಸ್ಟು ಕನಿಷ್ಠ 1000 ಪಿಪಿಎಂ ಫ್ಲೋರೈಡಿನದಿರಲಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಮಲಗುವ ಮುಂಚೆ ನೀವೇ ಉಜ್ಜಿಸಿ, ಉಗುಳಿಸಿ, ನೀರು ಮುಕ್ಕಳಿಸುವುದು ಬೇಡ.

ಪ್ರಶ್ನೆ: ಕ್ಯಾಪ್ ಕಳಚಿ ಕೈಗೆ ಬಂದಿದೆ. ಮತ್ತೆ ಹೊಸದಕ್ಕೆ ದುಡ್ಡು ಹಾಕಬೇಕೇ?

ಉತ್ತರ: ಎಸೆದಿಲ್ಲ ತಾನೇ? ಒಂದು ಸಣ್ಣ ಡಬ್ಬಿಯಲ್ಲಿಡಿ, ಕಾಗದದಲ್ಲಿ ಸುತ್ತಿಟ್ಟರೆ ಕಸಕ್ಕೆ ಹೋಗುತ್ತದೆ. ಕ್ಯಾಪಿನೊಳಗೆ ಇಣುಕಿ ನೋಡಿ: ಬರೀ ಸಿಮೆಂಟಿದ್ದರೆ ತೊಳೆದು ಮತ್ತೆ ಅಂಟಿಸಿದರಾಯಿತು, ಅದು ಹೊಸ ಕ್ಯಾಪಿನ ಖರ್ಚಿನ ಒಂದು ಚೂರು. ಒಳಗೆ ಹಲ್ಲಿನ ತುಂಡೇ ಮುರಿದು ಕೂತಿದ್ದರೆ ಕೆಲಸ ದೊಡ್ಡದು. ಫೆವಿಕ್ವಿಕ್ ಮುಟ್ಟಬೇಡಿ, ಕ್ಯಾಪ್ ಓರೆಯಾಗಿ ಕೂತು ಗಟ್ಟಿಯಾದರೆ ಕೊರೆದೇ ತೆಗೆಯಬೇಕು. ಎರಡು ಮೂರು ದಿನದೊಳಗೆ ಹೋಗಿ. ತಡವಾದರೆ ಪಕ್ಕದ ಹಲ್ಲುಗಳು ಚೂರೇ ಚೂರು ಸರಿದು, ಅದೇ ಕ್ಯಾಪ್ ಅದೇ ಹಲ್ಲಿಗೆ ಇಳಿಯುವುದಿಲ್ಲ.